ಕೊಡಗಿನ ಬೀದಿ ಬದಿ ತಿಂಡಿ: ಶುಚಿ ಮತ್ತು ನಿಯಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಸಂಜೆ ಹೊತ್ತು ತಿಂಡಿ ಗಾಡಿ ಇಡುತ್ತೇನೆ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ಚಟ್ನಿ, ಮೊಟ್ಟೆ ಕರಿ, ಮಳೆಗಾಲ ಬಂದರೆ ಬಜ್ಜಿ. ಹೊಸದಾಗಿ ಗಾಡಿ ಹಾಕುವವರು ಬಂದು ಕೇಳುತ್ತಾರೆ, ತಿನ್ನಲು ಬಂದವರೂ ನಿಂತು ಕೇಳುತ್ತಾರೆ. ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಎಲ್ಲರಿಗೂ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮದು ಚಳಿ ಊರು. ಮಾಡಿದ ಅಡುಗೆ ಇಡೀ ದಿನ ಹಾಳಾಗಲ್ಲ ಅಲ್ವಾ?

ಹಾಳಾಗುತ್ತದೆ. ಮೊದಲು ಇದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ನಂಬಿಕೊಂಡಿರುವ ತಪ್ಪು ಇದು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುವುದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಮಡಿಕೇರಿಯಲ್ಲಿ ಜುಲೈ ತಿಂಗಳ ಸಂಜೆ ನಮಗೆ ಸ್ವೆಟರ್ ಬೇಕು, ಆದರೆ ಗಾಳಿ ಇನ್ನೂ 18, 20 ಡಿಗ್ರಿ ಇರುತ್ತದೆ. ನಮಗೆ ಚಳಿ, ಚಟ್ನಿಗಲ್ಲ. ಕುಶಾಲನಗರ, ಗೋಣಿಕೊಪ್ಪ ಕಡೆ ಇನ್ನೂ ಬೆಚ್ಚಗಿರುವುದರಿಂದ ಬೇಗ ಕೆಡುತ್ತದೆ, ಅಷ್ಟೇ ವ್ಯತ್ಯಾಸ.

ನಾನು ಇದನ್ನು ಕಲಿತದ್ದು ನನ್ನ ತಪ್ಪಿನಿಂದಲೇ. ಗಾಡಿ ಹಾಕಿದ ಮೊದಲ ವರ್ಷ. ಬೆಳಿಗ್ಗೆ ಹನ್ನೊಂದಕ್ಕೆ ರುಬ್ಬಿದ ತೆಂಗಿನಕಾಯಿ ಚಟ್ನಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಸಂಜೆ ಏಳರವರೆಗೂ ಬಡಿಸಿದೆ. ವಾಸನೆ ಸರಿಯಾಗಿತ್ತು, ರುಚಿಯೂ ಸರಿಯಾಗಿತ್ತು, ನಾನೇ ತಿಂದು ನೋಡಿದ್ದೆ. ಮಾರನೇ ದಿನ ಒಬ್ಬ ತಾಯಿ ಬಂದರು. ಜಗಳ ಮಾಡಲಿಲ್ಲ. "ಮಗು ರಾತ್ರಿ ಪೂರ್ತಿ ವಾಂತಿ ಮಾಡ್ತು ಅಕ್ಕ, ನಿಮ್ಮಲ್ಲಿ ಬಿಟ್ಟು ಬೇರೆಲ್ಲೂ ತಿಂದಿಲ್ಲ" ಅಂದರು. ಅವರ ಕೈಯಲ್ಲಿ ಔಷಧಿ ಅಂಗಡಿಯ ಚಿಕ್ಕ ಕವರ್ ಇತ್ತು. ಅವತ್ತಿನಿಂದ ಚಟ್ನಿಯನ್ನು ಎರಡು ಗಂಟೆಗೆ ಆಗುವಷ್ಟೇ ರುಬ್ಬುತ್ತೇನೆ. ಕಾಯಿ ತುರಿ ಮನೆಯ ಫ್ರಿಜ್‌ನಲ್ಲಿರುತ್ತದೆ, ಮಗ ಬೈಕಿನಲ್ಲಿ ಎರಡು ಸಲ ತಂದುಕೊಡುತ್ತಾನೆ.

ಹಾಗಾದರೆ ಎಷ್ಟು ಹೊತ್ತು ಇಡಬಹುದು?

ಬಿಸಿ ಇರಬೇಕಾದ್ದು 60 ಡಿಗ್ರಿಗಿಂತ ಮೇಲೆ, ಅಂದರೆ ಆವಿ ಏಳುತ್ತಾ ಇರಬೇಕು. ತಣ್ಣಗಿರಬೇಕಾದ್ದು 5 ಡಿಗ್ರಿಗಿಂತ ಕೆಳಗೆ. ಇವೆರಡರ ನಡುವೆ ಇದ್ದರೆ ಎರಡು ಗಂಟೆಯೊಳಗೆ ಖಾಲಿ ಮಾಡಬೇಕು. ಪುನಃ ಬಿಸಿ ಮಾಡುವುದಾದರೆ ಒಂದೇ ಸಲ, ಅದೂ ಕುದಿ ಬರುವ ಹಾಗೆ. ಉಗುರು ಬೆಚ್ಚಗೆ ಮಾಡಿ ಕೊಟ್ಟರೆ ಬ್ಯಾಕ್ಟೀರಿಯಾಗೆ ಇನ್ನೂ ಹಿತ.

ಎಗ್ ರೈಸ್, ಫ್ರೈಡ್ ರೈಸ್ ಮಾಡುವವರಿಗೆ ಒಂದು ಮಾತು. ಮಧ್ಯಾಹ್ನದ ಅನ್ನವನ್ನು ಹರಡಿ ಆರಿಸಿ ರಾತ್ರಿವರೆಗೆ ಹೊರಗೇ ಇಡುತ್ತೀರಲ್ಲ, ಅದು ಅಪಾಯ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅನ್ನ ಬೇಯಿಸಿದರೂ ಅದರ ಬೀಜಾಣು ಸಾಯುವುದಿಲ್ಲ, ಆರಿದ ಅನ್ನದಲ್ಲಿ ಮತ್ತೆ ಬೆಳೆದು ವಿಷ ಬಿಡುತ್ತದೆ. ಆ ವಿಷ ದೊಡ್ಡ ಉರಿಯ ಬಾಣಲೆಯಲ್ಲೂ ಹೋಗುವುದಿಲ್ಲ. ಅನ್ನ ಆರಿದ ಕೂಡಲೇ ಐಸ್ ಪೆಟ್ಟಿಗೆಗೋ ಫ್ರಿಜ್‌ಗೋ ಹಾಕಿ, ಇಲ್ಲವೇ ಸಂಜೆಗೆ ಹೊಸದಾಗಿ ಮಾಡಿ.

ಮಳೆಗಾಲದಲ್ಲಿ ಕರೆಂಟ್ ಎರಡು ಮೂರು ದಿನ ಬರುವುದೇ ಇಲ್ಲ. ಫ್ರಿಜ್‌ನಲ್ಲಿರುವ ಮಾಂಸ ಏನು ಮಾಡುವುದು?

ಇದು ನಮ್ಮ ಜಿಲ್ಲೆಯ ನಿಜವಾದ ಕಷ್ಟ. ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬಾಗಿಲು ತೆಗೆಯದೇ ಇದ್ದರೆ ಫ್ರಿಜ್‌ನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ತುಂಬಿದ ಫ್ರೀಜರ್ ಆದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24. ಆಮೇಲೆ ಕರೆಂಟ್ ಬಂತು ಅಂತ ಕರಗಿ ಮೆತ್ತಗಾದ ಹಂದಿ ಮಾಂಸ, ಕೋಳಿಯನ್ನು ಮತ್ತೆ ಗಟ್ಟಿ ಮಾಡಿ ಮಾರಬೇಡಿ. ನೋಡಲು ಮೊದಲಿನ ಹಾಗೇ ಕಾಣುತ್ತದೆ, ಒಳಗೆ ಹಾಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮಾಂಸವನ್ನು ಆ ದಿನಕ್ಕೆ ಬೇಕಾದಷ್ಟೇ ತರುತ್ತೇನೆ. ವ್ಯಾಪಾರ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ರಾತ್ರಿ ನಿದ್ದೆ ಬರುತ್ತದೆ.

ನೀರು ಬೆಟ್ಟದ ಒರತೆಯದ್ದು, ಕನ್ನಡಿ ಹಾಗಿದೆ. ಹಾಗೇ ಬಳಸಬಹುದಾ?

ತಿಳಿಯಾಗಿ ಕಾಣುವ ನೀರು ಶುದ್ಧ ಅಂತ ಅರ್ಥ ಅಲ್ಲ. ಮೇಲೆ ತೋಟ ಇದೆ, ತೋಟದ ಕೆಲಸದವರ ಲೈನ್ ಮನೆಗಳಿವೆ, ದನದ ಕೊಟ್ಟಿಗೆ ಇದೆ, ಶೌಚಾಲಯದ ಗುಂಡಿ ಇದೆ. ಜೋರು ಮಳೆಗೆ ಎಲ್ಲವೂ ಒರತೆಗೂ ಬಾವಿಗೂ ಇಳಿಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ, ಟೈಫಾಯಿಡ್, ಭೇದಿ ಎಲ್ಲ ಬರುವುದು ಈ ದಾರಿಯಿಂದಲೇ.

ಕುಡಿಯಲು ಕೊಡುವ ನೀರು, ಚಟ್ನಿಗೆ ಹಾಕುವ ನೀರು, ಪಾನಿಪುರಿಯ ಪಾನಿ, ಜ್ಯೂಸ್, ಇವಿಷ್ಟಕ್ಕೂ ಕುದಿಸಿ ಆರಿಸಿದ ನೀರೋ ಫಿಲ್ಟರ್ ನೀರೋ ಆಗಲೇಬೇಕು. ಇನ್ನೊಂದು ಪ್ರಶ್ನೆಯೂ ಬರುತ್ತದೆ: ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಸಾಕಾಗುತ್ತದಾ ಅಂತ. ಸಾಕು. ಕೊತ ಕೊತ ಅಂತ ಒಂದು ನಿಮಿಷ ಪೂರ್ತಿ ಕುದಿಯಲಿ. ಗುಳ್ಳೆ ಬಂತು ಅಂದ ಕೂಡಲೇ ಇಳಿಸಬೇಡಿ. ಗ್ಯಾಸ್ ಖರ್ಚು ಜಾಸ್ತಿ ಅನ್ನುವವರು ಕ್ಲೋರಿನ್ ಮಾತ್ರೆ ಬಳಸಬಹುದು. ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಹಾಕಿ ಅರ್ಧ ಗಂಟೆ ಬಿಡಬೇಕು.

ಕ್ಯಾನ್‌ಗೆ ಮುಚ್ಚಳ ಇರಲಿ, ಕೆಳಗೆ ನಲ್ಲಿ ಇರಲಿ. ಡ್ರಮ್‌ಗೆ ಚೊಂಬು ಮುಳುಗಿಸಿ ತೆಗೆಯುತ್ತಾ ಇದ್ದರೆ ಕುದಿಸಿದ್ದು ದಂಡ.

ಐಸ್ ಹಾಕಿದ ಜ್ಯೂಸ್ ಕುಡಿಯಬಹುದಾ?

ಮೀನು, ಸಾಮಾನು ತಂಪಾಗಿಡಲು ಬಳಸುವ ಐಸ್ ತಿನ್ನಲು ಮಾಡಿದ್ದಲ್ಲ. ಅದಕ್ಕೆ ನೀಲಿ ಬಣ್ಣ ಹಾಕಿರಬೇಕು ಅಂತ 2018ರ ಜೂನ್‌ನಿಂದ ನಿಯಮ ಇದೆ. ನೀಲಿ ಛಾಯೆ ಕಂಡರೆ ಕುಡಿಯಬೇಡಿ. ಬಿಳಿ ಇದ್ದರೂ ಗೋಣಿಚೀಲದಲ್ಲಿ ಸುತ್ತಿ ನೆಲದ ಮೇಲೆ ಒಡೆಯುತ್ತಿದ್ದರೆ ಐಸ್ ಬೇಡ ಅನ್ನಿ.

ಗ್ಲೌಸ್ ಹಾಕಿಕೊಂಡರೆ ಸಾಕಲ್ವಾ?

ಸಾಲದು. ಎಷ್ಟೋ ಕಡೆ ನೋಡಿದ್ದೇನೆ: ಒಂದೇ ಗ್ಲೌಸ್‌ನಲ್ಲಿ ಈರುಳ್ಳಿ ಹೆಚ್ಚುವುದು, ನೋಟು ತೆಗೆದುಕೊಂಡು ಚಿಲ್ಲರೆ ಕೊಡುವುದು, ಗಾಡಿ ಒರೆಸುವುದು, ಮತ್ತೆ ಚುರುಮುರಿ ಕಲಸುವುದು. ಬರಿಗೈಗೆ ಅಂಟು ಗೊತ್ತಾಗುತ್ತದೆ, ತೊಳೆಯಬೇಕು ಅನಿಸುತ್ತದೆ. ಗ್ಲೌಸ್ ಹಾಕಿದ ಕೈಗೆ ಏನೂ ಗೊತ್ತಾಗುವುದಿಲ್ಲ. ಸೋಪು ಹಾಕಿ ಇಪ್ಪತ್ತು ಸೆಕೆಂಡ್ ತೊಳೆದ ಕೈ ಅದಕ್ಕಿಂತ ಎಷ್ಟೋ ಮೇಲು.

ನನ್ನ ಗಾಡಿಯಲ್ಲಿ ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಗಾಡಿಯ ಎಡಗಡೆ ಕೊಕ್ಕೆಗೆ ನಲ್ಲಿ ಇರುವ ಹತ್ತು ಲೀಟರ್ ಕ್ಯಾನ್. ಕೆಳಗೆ ಬಕೆಟ್. ಸೋಪನ್ನು ಹಳೇ ಕಾಲುಚೀಲದೊಳಗೆ ಹಾಕಿ ದಾರದಲ್ಲಿ ನೇತು ಹಾಕಿದ್ದೇನೆ, ನೆಲಕ್ಕೆ ಬೀಳಲ್ಲ, ಜಾರಲ್ಲ. ನಲ್ಲಿಯನ್ನು ಮೊಣಕೈಯಿಂದ ತಿರುಗಿಸುತ್ತೇನೆ. ದುಡ್ಡು ಮುಟ್ಟುವುದು ನಮ್ಮ ಯಜಮಾನರು, ತಿಂಡಿ ಮುಟ್ಟುವುದು ನಾನು. ಒಬ್ಬರೇ ಇದ್ದರೆ ಒಂದು ಡಬ್ಬಿ ಇಟ್ಟು ಗಿರಾಕಿಗಳೇ ದುಡ್ಡು ಹಾಕಿ ಚಿಲ್ಲರೆ ತೆಗೆದುಕೊಳ್ಳಲಿ, ಇಲ್ಲವೇ ಫೋನ್‌ನಲ್ಲಿ ಸ್ಕ್ಯಾನ್ ಮಾಡಲಿ. ಯಾರೂ ಮೋಸ ಮಾಡುವುದಿಲ್ಲ.

ಗಾಡಿ ಪಕ್ಕ ಶೌಚಾಲಯವೇ ಇಲ್ಲ. ಆರು ಗಂಟೆ ನಿಲ್ಲುವ ನಾವು ಏನು ಮಾಡುವುದು?

ಕೈ ತೊಳೆಯಿರಿ ಅಂತ ಹೇಳುವವರು ಇದನ್ನು ಯಾಕೆ ಕೇಳುವುದಿಲ್ಲವೋ ನನಗೆ ಅರ್ಥವೇ ಆಗುವುದಿಲ್ಲ. ಅದರಲ್ಲೂ ಹೆಂಗಸರಿಗೆ. ಸಂಜೆಯಿಂದ ನೀರೇ ಕುಡಿಯದೆ ನಿಲ್ಲುವ ಅಕ್ಕಂದಿರನ್ನು ಬಲ್ಲೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನೀರು, ಶೌಚಾಲಯ, ಕಸದ ಗಾಡಿ ಕೇಳಬೇಕಾದ್ದು ಅಲ್ಲೇ. ಒಬ್ಬೊಬ್ಬರೇ ಹೋಗಿ ಬೇಡಿಕೊಂಡರೆ ನಾಳೆ ಬನ್ನಿ ಅನ್ನುತ್ತಾರೆ, ಇಪ್ಪತ್ತು ಜನ ಸಹಿ ಹಾಕಿ ಕೊಟ್ಟರೆ ತೆಗೆದು ಓದುತ್ತಾರೆ.

ಆಹಾರ ಇಲಾಖೆಯ ನೋಂದಣಿ ನಮ್ಮಂಥ ಸಣ್ಣ ಗಾಡಿಗೂ ಬೇಕಾ?

ಬೇಕು, ಆದರೆ ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಕೊಡುವ ಮೊದಲು ಈಗಿನದ್ದು ಏನು ಅಂತ ಕೇಳಿಕೊಳ್ಳಿ. 2006ರ ಆಹಾರ ಸುರಕ್ಷತೆ ಕಾಯ್ದೆಯ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. ಆಗ ವರ್ಷದ ವ್ಯಾಪಾರ 12 ಲಕ್ಷ ಮೀರದವರಿಗೆ ದೊಡ್ಡ ಲೈಸೆನ್ಸ್ ಬೇಡ, ನೋಂದಣಿ ಸಾಕು ಅಂತ ಇಟ್ಟರು. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಬೀದಿ ಬದಿ ವ್ಯಾಪಾರಿಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ಅದನ್ನೂ ಬಿಟ್ಟರು. ಫಾಸ್ಕಾಸ್ ಅನ್ನುವ ಜಾಲತಾಣದಲ್ಲಿ ಫೋಟೋ, ಗುರುತಿನ ಚೀಟಿ ಹಾಕಿ ಅರ್ಜಿ ಕೊಡಬಹುದು. ಸೈಬರ್ ಸೆಂಟರ್‌ನವರಿಗೆ ಅರ್ಜಿ ತುಂಬಿದ ಕೂಲಿ ಕೊಡಿ, ಸರಿ. ಆದರೆ "ಆಫೀಸಿಗೆ ಕಟ್ಟಬೇಕು" ಅಂತ ಎರಡು ಸಾವಿರ ಕೇಳಿದರೆ ರಸೀದಿ ಕೇಳಿ.

14 ಅಂಕಿಯ ನಂಬರ್ ಬರುತ್ತದೆ. ಅದನ್ನು ಗಿರಾಕಿಗೆ ಕಾಣುವ ಹಾಗೆ ಅಂಟಿಸಿ. ಮತ್ತೆ, ನಗರಸಭೆ ಕೊಡುವ ವ್ಯಾಪಾರಿ ಗುರುತಿನ ಚೀಟಿಯೇ ಬೇರೆ, ಇದೇ ಬೇರೆ. ಒಂದು ನಿಲ್ಲುವ ಜಾಗಕ್ಕೆ, ಇನ್ನೊಂದು ಮಾಡುವ ತಿಂಡಿಗೆ. ಇವೆರಡನ್ನು ಕಲಸಿಕೊಳ್ಳುವವರೇ ಜಾಸ್ತಿ.

ತಪಾಸಣೆಗೆ ಬಂದರೆ ಏನು ನೋಡುತ್ತಾರೆ?

ನೋಂದಣಿ ಇದೆಯಾ, ನೀರು ಎಲ್ಲಿಂದ, ಮುಚ್ಚಿಟ್ಟಿದ್ದೀರಾ, ಕಸದ ಡಬ್ಬಿಗೆ ಮುಚ್ಚಳ ಇದೆಯಾ, ಉಗುರು, ತಲೆಗೆ ಟೋಪಿ, ಏಪ್ರನ್. ತಿಂಡಿ ಮಾಡುವ ಹಲಗೆ ನೆಲದಿಂದ 60ರಿಂದ 70 ಸೆಂಟಿಮೀಟರ್ ಎತ್ತರದಲ್ಲಿರಬೇಕು, ನೀರು ಹೀರದಂಥದ್ದಾಗಿರಬೇಕು. ಮರದ ಹಲಗೆ ಇದ್ದರೆ ಮೇಲೆ ಸ್ಟೀಲ್ ತಗಡು ಹೊಡೆಸಿ. ನಮ್ಮ ಮಳೆಗೆ ರಸ್ತೆಯ ಕೆಸರು ಮೊಣಕಾಲೆತ್ತರ ಹಾರುತ್ತದೆ, ಹಾಗಾಗಿ ಈ ಎತ್ತರದ ನಿಯಮ ಸುಮ್ನೆ ಮಾಡಿದ್ದಲ್ಲ. ನಾನು ಕೆಳಗಡೆ ಸುತ್ತಲೂ ಟಾರ್ಪಾಲು ಕಟ್ಟಿದ್ದೇನೆ. ಗಲೀಜು ಜಾಗದಲ್ಲಿ ಅಡುಗೆ ಮಾಡಿದ್ದಕ್ಕೆ ಕಾಯ್ದೆಯಲ್ಲಿ ಒಂದು ಲಕ್ಷದವರೆಗೂ ದಂಡ ಇದೆ.

ಗೋಬಿ, ಕಬಾಬ್‌ಗೆ ಬಣ್ಣ ಹಾಕಿದರೆ ಏನಾಗುತ್ತದೆ? ಗಿರಾಕಿಗಳೇ ಕೆಂಪಗೆ ಬೇಕು ಅನ್ನುತ್ತಾರೆ.

ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು 171 ಕಡೆಯ ಗೋಬಿ ಪರೀಕ್ಷೆ ಮಾಡಿದ್ದರು, 107ರಲ್ಲಿ ಅಪಾಯದ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್ ಬಿ ಇತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕೋಳಿ, ಮೀನಿನ ಕಬಾಬ್‌ಗೂ ಕೃತಕ ಬಣ್ಣ ಬೇಡ ಅಂದರು. ಮಾಡಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಅಂತ ಎಚ್ಚರಿಕೆಯನ್ನೂ ಕೊಟ್ಟರು.

ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ! ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಸ್ವಲ್ಪ ನಿಂಬೆರಸ ಸೇರಿಸಿ ಕೋಳಿಗೆ ಹಚ್ಚಿ. ಖಾರ ಕಡಿಮೆ, ಬಣ್ಣ ಚೆನ್ನಾಗಿ ಬರುತ್ತದೆ. ಅಂಗಡಿಯ ಪುಡಿಯಷ್ಟು ಕಣ್ಣು ಕುಕ್ಕುವ ಕೆಂಪು ಆಗುವುದಿಲ್ಲ, ಆಗಲೂಬಾರದು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಕಬಾಬ್ ಪುಡಿಯ ಪೊಟ್ಟಣ ಕೊಳ್ಳಲೇಬೇಡಿ. ಒಂದು ಚಿಟಿಕೆ ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಸೋಪು ಹಾಕಿ ತೊಳೆದರೂ ಎರಡು ದಿನ ಬೆರಳು ಕೆಂಪಗೇ ಇದ್ದರೆ, ಅದು ಮಕ್ಕಳ ಹೊಟ್ಟೆಗೆ ಹೋಗುವುದು ಬೇಡ.

ಎಣ್ಣೆ ಎಷ್ಟು ಸಲ ಕಾಯಿಸಬಹುದು?

ಮೂರು ಸಲಕ್ಕಿಂತ ಜಾಸ್ತಿ ಬೇಡ ಅನ್ನುವುದು ಸರ್ಕಾರದ ಸಲಹೆ. ಕಾನೂನಿನ ಲೆಕ್ಕ ಬೇರೆ: ಎಣ್ಣೆ ಕಾದು ಕಾದು ಒಡೆದಾಗ ಆಗುವ ಪೋಲಾರ್ ಅಂಶಗಳು ಶೇ 25 ದಾಟಬಾರದು. ಅಳೆಯುವ ಮೀಟರ್ ನಮ್ಮ ಹತ್ತಿರ ಎಲ್ಲಿರುತ್ತದೆ? ಕಣ್ಣು, ಮೂಗೇ ಮೀಟರ್. ಬಜ್ಜಿ ಬಿಟ್ಟಾಗ ನೊರೆ ಇಳಿಯದೇ ಮೇಲೇರಿದರೆ, ಕಾಯುವ ಮೊದಲೇ ಹೊಗೆ ಬಂದರೆ, ಸೌಟಿನಿಂದ ಜೇನಿನ ಹಾಗೆ ಇಳಿದರೆ, ಎಣ್ಣೆ ಮುಗಿದಿದೆ. ಹಳೇ ಎಣ್ಣೆಗೆ ಹೊಸದನ್ನು ಸುರಿಯುವುದು ಎಲ್ಲರೂ ಮಾಡುವ ತಪ್ಪು, ಹೊಸದೂ ಬೇಗ ಕೆಡುತ್ತದೆ. ಪ್ರತಿ ಸಲ ಬಟ್ಟೆಯಲ್ಲಿ ಸೋಸಿ, ಕರಿದ ಚೂರು ತೆಗೆಯಿರಿ.

ದಯವಿಟ್ಟು ಚರಂಡಿಗೆ ಸುರಿಯಬೇಡಿ. ನಮ್ಮ ಚರಂಡಿ ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ.

ಪೇಪರ್‌ನಲ್ಲಿ ಬಜ್ಜಿ ಕೊಟ್ಟರೆ ತಪ್ಪೇನು?

ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಬಿಡುತ್ತದೆ. 2018ರ ಪ್ಯಾಕಿಂಗ್ ನಿಯಮದಲ್ಲಿ ಪತ್ರಿಕೆಯಲ್ಲಿ ತಿಂಡಿ ಸುತ್ತುವುದನ್ನು ನಿಷೇಧಿಸಿದ್ದಾರೆ. ಬಾಳೆ ಎಲೆ ನಮ್ಮ ಹಿತ್ತಲಲ್ಲೇ ಇದೆ, ಅಡಿಕೆ ಹಾಳೆ ತಟ್ಟೆ ಸಿಗುತ್ತದೆ. ಎಲೆಯನ್ನು ತೊಳೆದು ಒರೆಸಿ ಬಳಸಿ. ಎಲೆಯಾದರೆ ತಟ್ಟೆ ತೊಳೆಯುವ ನೀರೂ ಉಳಿಯುತ್ತದೆ. ಇಡ್ಲಿ, ಕಡುಬು ಬೇಯಿಸುವಾಗ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕುವುದನ್ನೂ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ನಿಲ್ಲಿಸಿದ್ದಾರೆ. ಹತ್ತಿ ಬಟ್ಟೆ ಹಾಕಿ, ದಿನಾ ಕುದಿಸಿ ಒಣಗಿಸಿ.

ಬೀದಿ ಬದಿಯ ಪಂದಿ ಕರಿ ತಿನ್ನಬಹುದಾ?

ಚೆನ್ನಾಗಿ ಬೆಂದಿದ್ದರೆ ಧಾರಾಳವಾಗಿ. ಹಂದಿ ಮಾಂಸದಲ್ಲಿ ಲಾಡಿಹುಳದ ಭಯ ಇರುವುದರಿಂದ ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಕಾಚಂಪುಳಿ (ಹುಳಿ ಹಣ್ಣಿನ ಕಪ್ಪು ರಸ) ಹಾಕಿದ ಕರಿ ಬೇಗ ಕೆಡಲ್ಲ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಹುಳಿ ಸ್ವಲ್ಪ ತಡೆಯುವುದು ನಿಜ. ಆದರೆ ಅವರು ಕರಿಯನ್ನು ಒಲೆಯ ಮೇಲೇ ಇಟ್ಟು ಬೆಳಿಗ್ಗೆ ಸಂಜೆ ಕುದಿಸುತ್ತಿದ್ದರು, ಗಾಡಿಯಲ್ಲಿ ಇಟ್ಟು ಮಾರುತ್ತಿರಲಿಲ್ಲ. ಹಸಿ ಮಾಂಸ ಕತ್ತರಿಸಿದ ಚಾಕು, ಹಲಗೆಯಲ್ಲಿ ಈರುಳ್ಳಿ, ಸೌತೆಕಾಯಿ ಹೆಚ್ಚಬಾರದು. ಎರಡು ಚಾಕು ಇಡಿ, ಒಂದರ ಹಿಡಿಗೆ ಕೆಂಪು ದಾರ ಕಟ್ಟಿ.

ಶವರ್ಮಾ, ಮೊಮೊ ಜೊತೆಗೆ ಕೊಡುವ ಮಯೋನೈಸ್?

ಹಸಿ ಮೊಟ್ಟೆಯದ್ದಾದರೆ ಬೇಡವೇ ಬೇಡ, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬರಬಹುದು. 2022ರ ಮೇನಲ್ಲಿ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಹೋದಳು, ಹಲವರು ಆಸ್ಪತ್ರೆ ಸೇರಿದರು. ಹದಿನಾರು ವರ್ಷದ ಹುಡುಗಿ. ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೈಸ್ ನಿಷೇಧಿಸಿತು, ತಮಿಳುನಾಡು 2025ರ ಏಪ್ರಿಲ್‌ನಲ್ಲಿ. ನಮ್ಮ ಗಾಡಿಗಳು ಆದೇಶಕ್ಕೆ ಕಾಯಬೇಕಾಗಿಲ್ಲ. ಶವರ್ಮಾ ಕಂಬದಿಂದ ತೆಗೆದ ಮಾಂಸವನ್ನು ಇನ್ನೊಮ್ಮೆ ಕಾವಲಿಯ ಮೇಲೆ ಹುರಿದೇ ಕೊಡಿ. ಮೊಮೊ ಆವಿಯಿಂದ ನೇರ ತಟ್ಟೆಗೆ ಬಂದರೆ ಒಳ್ಳೆಯದೇ.

ಸಂತೆಯಲ್ಲಿ ಸಿಗುವ ಕಣಿಲೆ (ಎಳೆ ಬಿದಿರು), ಕಾಡು ಅಣಬೆ?

ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲಿ. ಹಿರಿಯರ ಪದ್ಧತಿ ಇದೇ, ಅವಸರ ಮಾಡಬೇಡಿ. ಅಣಬೆಯನ್ನು ಗುರುತು ಹಿಡಿಯಲು ಬರುವವರು ತಂದಿದ್ದರೆ ಮಾತ್ರ ಕೊಳ್ಳಿ. ವಿಷದ ಅಣಬೆ ಬೇಯಿಸಿದರೂ ವಿಷವೇ.

ನನಗೇ ಹುಷಾರಿಲ್ಲ. ರಜೆ ಹಾಕಿದರೆ ದುಡ್ಡು ಹೋಗುತ್ತದೆ.

ಗೊತ್ತು. ಸೀಸನ್‌ನ ಶನಿವಾರ ಒಂದು ದಿನ ಹೋದರೆ ಎಷ್ಟು ನೋವು ಅಂತ ನನಗೂ ಗೊತ್ತು. ಆದರೂ ವಾಂತಿ, ಭೇದಿ ಇದ್ದರೆ ನಿಂತು ಎರಡು ದಿನ ಆಗುವವರೆಗೆ ಅಡುಗೆ ಮುಟ್ಟಬೇಡಿ. ಕೈಯಲ್ಲಿ ಕೀವಾದ ಗಾಯ ಇದ್ದರೆ ಪಟ್ಟಿ ಸುತ್ತಿ, ಮೇಲೆ ಗ್ಲೌಸ್ ಹಾಕಿ. ಗ್ಲೌಸ್ ನಿಜವಾಗಿ ಬೇಕಾಗುವುದು ಆಗ. ಆ ಕೀವಿನ ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸಿ, ಟೈಫಾಯಿಡ್ ಲಸಿಕೆ ಹಾಕಿಸಿಕೊಳ್ಳಿ.

ತಿಂದು ಹೊಟ್ಟೆ ಕೆಟ್ಟರೆ ಏನು ಮಾಡಬೇಕು?

ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ಕುದಿಸಿ ಆರಿಸಿದ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡಿಯಿರಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತು ಹೋಗುವುದು, ಮಗು ಮಂಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆ. ದೂರು ಕೊಡಲು ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ಸಂಖ್ಯೆ 1800 11 2100 ಇದೆ, ಜಿಲ್ಲೆಯ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತಾಧಿಕಾರಿಗೂ ಬರೆದು ಕೊಡಬಹುದು. ಅದರ ಜೊತೆಗೆ ಗಾಡಿಯವರಿಗೂ ಒಂದು ಮಾತು ಬಂದು ಹೇಳಿ. ಆ ತಾಯಿ ಬಂದು ಹೇಳದೇ ಇದ್ದಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ದಸರಾ ರಾತ್ರಿ ಗಾಡಿ ಹಾಕಬೇಕೆಂದಿದ್ದೇನೆ. ಏನು ತಯಾರಿ ಬೇಕು?

ವಿಜಯದಶಮಿ ರಾತ್ರಿ ದೇವಸ್ಥಾನಗಳ ಹತ್ತು ಮಂಟಪಗಳು ಮೆರವಣಿಗೆ ಹೊರಟರೆ ಬೆಳಗಾಗುವವರೆಗೂ ಮಡಿಕೇರಿಯ ರಸ್ತೆಯಲ್ಲಿ ಜನ ಕಾಲಿಡಲೂ ಜಾಗ ಇರುವುದಿಲ್ಲ. ಮಧ್ಯರಾತ್ರಿ ನೀರು ತರಲು ಹೊರಗೆ ಹೋಗಲು ಆಗುವುದೇ ಇಲ್ಲ, ಅದನ್ನು ಮೊದಲೇ ಯೋಚಿಸಿ. ಹೋದ ಸಲ ನಾವು ನಾಲ್ಕು ಕ್ಯಾನ್ ಇಟ್ಟುಕೊಂಡಿದ್ದೆವು: ಒಂದು ಕುಡಿಯಲು, ಒಂದು ಅಡುಗೆಗೆ, ಎರಡು ಕೈ ಮತ್ತು ಪಾತ್ರೆಗೆ. ಎರಡು ಗಂಟೆಗೆ ಪಾತ್ರೆಯ ನೀರು ಮುಗಿಯಿತು, ಆಮೇಲೆ ಬಾಳೆ ಎಲೆಯಲ್ಲೇ ಕೊಟ್ಟೆವು. ಒಟ್ಟಿಗೆ ಬೇಯಿಸಿ ರಾಶಿ ಹಾಕಬೇಡಿ. ತರಿ, ತರಕಾರಿ ಹಸಿಯಾಗಿ ಒಯ್ಯಿರಿ, ಐಸ್ ಪೆಟ್ಟಿಗೆಯಲ್ಲಿ ಮೊಟ್ಟೆ, ಕಾಯಿ ತುರಿ ಇಡಿ, ಅಲ್ಲೇ ಸ್ವಲ್ಪ ಸ್ವಲ್ಪ ಮಾಡಿ. ಚಟ್ನಿ ರುಬ್ಬಲು ಕರೆಂಟ್ ಸಿಗದಿದ್ದರೆ ಚಟ್ನಿಯೇ ಬೇಡ, ಕುದಿಯುವ ಸಾರು ಇಡಿ. ಕಸಕ್ಕೆ ಎರಡು ದೊಡ್ಡ ಚೀಲ ಕಟ್ಟಿ, ಬೆಳಿಗ್ಗೆ ಗಾಡಿ ತಳ್ಳಿಕೊಂಡು ಹೋಗುವಾಗ ಅವನ್ನೂ ಜೊತೆಗೆ ಒಯ್ಯಿರಿ.